ಟೊಳ್ಳಿನ ಸದ್ದು

ಬಣ್ಣ ಮೊನ್ನೆ ಮೊನ್ನೆ ಬಳಿದದ್ದು.
ಗುರುಪಾದ ಬಾಗಿಲಲ್ಲೇ ನಿಂತು ಮೂಗರಳಿಸಿದ:
'ಹೊಸ ಮನೆ ವಾಸನೆ!'
ತೊಂಬತ್ತೆಂಟು ವರ್ಷದ ಮರದ ಮನೆಗೆ
ಹೊಸ ವಾಸನೆ ಎಲ್ಲಿಂದ ಬರಬೇಕು, ಹೇಳಿ.

ಇಪ್ಸ್‌ವಿಚ್ಚಿನ ಆ ಇಳಿಜಾರು ಬೀದಿಯಲ್ಲಿ
ಮನೆಗಳೆಲ್ಲ ಕಂಬಗಳ ಮೇಲೆ,
ನೆರಿಗೆ ಎತ್ತಿ ಹಿಡಿದ ಹೆಂಗಸರ ಹಾಗೆ
ನದಿಗೆ ಅಂಜಿ ನಿಂತಿವೆ.
ಸುತ್ತ ಜಗಲಿ. ಹಿತ್ತಿಲಲ್ಲೊಂದು ಮಾವು,
ಬಾವಲಿಗಳು ಅರ್ಧ ತಿಂದು ಬಿಟ್ಟ ಹಣ್ಣು.
ಅಷ್ಟು ಸಾಕಾಯಿತು ಗುರುಪಾದನಿಗೆ.

ಏಜೆಂಟ್ ಬ್ರೆಟ್ಟನ ಹಲ್ಲು ಗೋಡೆಗಿಂತ ಬಿಳುಪು.
'ಇನ್ನೂ ಮೂರು ಜನ ಕೇಳ್ತಿದ್ದಾರೆ,
ತಪಾಸಣೆ ಗಿಪಾಸಣೆ ಅಂತ ಕೂತರೆ...'
ಉಳಿದ ಮಾತನ್ನು ಫ್ಯಾನಿನ ಗಾಳಿಗೆ ಬಿಟ್ಟ.
'ಆರುನೂರೈವತ್ತು ಡಾಲರು,' ಗುರುಪಾದ ಪಿಸುಗುಟ್ಟಿದ,
'ಕೊಳ್ಳೋ ಮೊದಲೇ!'

ನಾನು ಸುಮ್ಮನಿದ್ದೆ.
ಎರಡು ರೂಪಾಯಿಯ ಗಡಿಗೆಯನ್ನೂ
ಕಿವಿಗೆ ಹಿಡಿದು, ಬೆರಳ ಗೆಣ್ಣಿನಲ್ಲಿ ತಟ್ಟಿ,
'ಇದು ಬೇಡ, ಇದರ ದನಿ ಒಡೆದಿದೆ' ಎಂದು
ಪಕ್ಕಕ್ಕಿಡುತ್ತಿದ್ದವಳ ಮಗಳು ನಾನು.

ಮರ್ವಿನ್ ಹಾಸ್ ಬಂದದ್ದು ಗುರುವಾರ ಬೆಳಿಗ್ಗೆ ಏಳೂವರೆಗೆ,
ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು.
ಜಗಲಿಯನ್ನಾಗಲಿ ಮಾವನ್ನಾಗಲಿ
ಕಣ್ಣೆತ್ತಿ ನೋಡಲಿಲ್ಲ ಪುಣ್ಯಾತ್ಮ.
ನೆಲದಡಿಗೆ ಹೊಟ್ಟೆಯ ಮೇಲೆ ತೆವಳಿದ;
ಎಷ್ಟೋ ಹೊತ್ತು ಬೂಟು ಮಾತ್ರ ಕಾಣುತ್ತಿತ್ತು.
ಅಟ್ಟ ಹತ್ತಿ ಸೀನಿದ. ಇಳಿದು ಬಂದು
ಸ್ಕ್ರೂಡ್ರೈವರಿನ ಹಿಡಿಯಲ್ಲಿ ಗೋಡೆ ಗೋಡೆ ತಟ್ಟುತ್ತ ಹೋದ.
ಟಕ್. ಟಕ್. ಟಕ್.
ಬಚ್ಚಲ ಗೋಡೆಯಲ್ಲಿ
ಟಕ್. ಟಕ್.
ಟೊಪ್.

ಮತ್ತೆ ತಟ್ಟಿದ. ಮುಖ ಮಾತ್ರ ಹಾಗೇ ಇತ್ತು.

ಆ ಮುಖ ನನಗೆ ಗೊತ್ತು.
ಆಸ್ಪತ್ರೆಯಲ್ಲಿ ದಿನವೂ ನಾನು ಹಾಕಿಕೊಳ್ಳುವ ಮುಖ ಅದು.
ತಣ್ಣನೆಯ ಜೆಲ್ ಹಚ್ಚಿದ ಹೊಟ್ಟೆ,
ಬೂದು ಪರದೆಯ ಮೇಲೆ
ಇರಬಾರದ ಕಡೆ ಒಂದು ನೆರಳು,
'ಎಲ್ಲ ಸರಿ ಇದೆಯಾ?' ಎಂಬ ದನಿ.
'ಡಾಕ್ಟರ್ ಹೇಳ್ತಾರೆ' ಎಂದು ಹೊಟ್ಟೆ ಒರೆಸಿ ಕಳಿಸುತ್ತೇನೆ.
ಹನ್ನೊಂದು ವರ್ಷದಿಂದ ಒರೆಸುತ್ತಿದ್ದೇನೆ.

ಮರ್ವಿನ್ ಯಾರ ಮೇಲೂ ಹಾಕಲಿಲ್ಲ.
'ಬನ್ನಿ, ಕಿವಿ ಇಡಿ' ಎಂದ.
ಇಟ್ಟೆ. ಒಳಗೆ
ತರಗೆಲೆಯ ಮೇಲೆ ತುಂತುರು ಬಿದ್ದಂತೆ ಸದ್ದು.
ಅವನು ಹೆಬ್ಬೆರಳಲ್ಲಿ ಮೆಲ್ಲನೆ ಒತ್ತಿದ;
ಆರಿದ ಹಾಲಿನ ಕೆನೆಯ ಹಾಗೆ ಬಣ್ಣ ಒಳಗೆ ಕುಸಿಯಿತು.
ಹಿಂದೆ ಮರವೇ ಇರಲಿಲ್ಲ.
ಬಣ್ಣವೇ ಗೋಡೆಯ ವೇಷ ಹಾಕಿ ನಿಂತಿತ್ತು.

'ಗೆದ್ದಲು,' ಅಂದ ಗುರುಪಾದ, ಕನ್ನಡದಲ್ಲಿ, ತನಗೇ.
ಆಮೇಲೆ ಅವನಿಗೆ ಹೇಳಿದ: 'ನಮ್ಮ ಕಡೆ ಹುತ್ತಕ್ಕೆ ಹಾಲೆರೀತಾರೆ.'
'ಇಲ್ಲಿಯವು ಹೊರಗೆ ಕಾಣಿಸೋದಿಲ್ಲ ಸ್ವಾಮಿ,'
ಮರ್ವಿನ್ ಅಂದದ್ದು ಹೆಚ್ಚು ಕಡಿಮೆ ಹಾಗೆ.

ನಲವತ್ತೊಂದು ಪುಟದ ವರದಿ.
ಕೊಳ್ಳಿ ಎಂದೂ ಇಲ್ಲ, ಬೇಡ ಎಂದೂ ಇಲ್ಲ.
'ನೀವಾಗಿದ್ದರೆ?' ಕೇಳಿದೆ.
ಹಿತ್ತಿಲ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ.
'ಮುಂದಿನ ಕಂಬಗಳು ಗಟ್ಟಿ ಇವೆ,' ಅಂದ,
'ಅದನ್ನೂ ಬರೆದಿದ್ದೇನೆ.'

ಬೆಲೆ ಇಳಿಸಿ ಅಂದೆವು. ಬ್ರೆಟ್ಟನ ಹಲ್ಲು ಮರೆಯಾದವು.
ಆ ಮೂವರಲ್ಲಿ ಒಬ್ಬರು, ತಟ್ಟದೆ, ಕೊಂಡರಂತೆ.
ಗುರುಪಾದ ಒಂದು ವಾರ ಮಾವಿನಹಣ್ಣಿನ ಹೆಸರೆತ್ತಲಿಲ್ಲ.

ಜೂನಿನಲ್ಲಿ ಒಬ್ಬಳು ಬಂದಳು, ಚೊಚ್ಚಲ,
ಇಪ್ಪತ್ತು ವಾರ.
ಜೆಲ್ಲಿನ ತಣ್ಣಗೆ ಬೆಚ್ಚಿ ನಕ್ಕಳು.
'ಹೊಸ ಮನೆಗೆ ಬಂದಿದ್ದೇವೆ,' ಎಂದಳು,
'ಸುತ್ತ ಜಗಲಿ. ಬಾವಲಿಗಳದ್ದೇ ಕಾಟ.
ಬಚ್ಚಲ ಪಕ್ಕದ ಕೋಣೆ ಇವನಿಗೆ.'

ಪರದೆಯ ಮೇಲೆ ಬೆನ್ನೆಲುಬು,
ಪೋಣಿಸಿಟ್ಟ ಮುತ್ತು, ಒಂದೂ ತಪ್ಪಿರಲಿಲ್ಲ.
ನಾಲ್ಕು ಕೋಣೆಯ ಪುಟ್ಟ ಹೃದಯ,
ನಾಲ್ಕೂ ಗಟ್ಟಿ.

'ಎಲ್ಲ ಸರಿ ಇದೆಯಾ?'

ಡಾಕ್ಟರ್ ಹೇಳ್ತಾರೆ ಎಂದೆ, ರೂಢಿಯಂತೆ.
ಹೊಟ್ಟೆ ಒರೆಸಿದೆ.
ಅವಳು ಚಪ್ಪಲಿ ಹುಡುಕುತ್ತಿದ್ದಾಗ
ಮುಂದಿನ ಭೇಟಿಯ ಚೀಟಿ ತಿರುಗಿಸಿ
ಹಿಂಬದಿಗೆ ಮರ್ವಿನ್ನನ ನಂಬರು ಬರೆದೆ.